ಐದು ರೂಪಾಯಿ ಬ್ರೆಡ್ಡಿಗೆ ಮುಕ್ಕಾಲು ಗಂಟೆ ಕ್ಯೂ: ಟುನೀಷಿಯಾದಲ್ಲಿ ಐದು ವಾರ

ಕಳೆದ ಎಪಿಸೋಡಲ್ಲಿ ‘ಮುಂದಿನ ಸಲ ಟುನೀಷಿಯಾ’ ಅಂದಿದ್ದೆ. ಬಂದ ಮೆಸೇಜುಗಳೆಲ್ಲಾ ಹೆಚ್ಚೂಕಡಿಮೆ ಎರಡೇ ಥರ. ಒಂದು, ಅದು ಎಲ್ಲಿದೆ? ಎರಡು, ಅಲ್ಲಿಗೆ ಯಾಕೆ ಹೋದ್ರಿ?

ಎಲ್ಲಿದೆ ಅನ್ನೋದು ಮೊದಲು. ಆಫ್ರಿಕಾದ ಮ್ಯಾಪ್ ತೆಗೆದು ಮೇಲಿನ ಅಂಚಿಗೆ ಬನ್ನಿ. ಅಲ್ಜೀರಿಯಾ, ಲಿಬಿಯಾ ಅನ್ನೋ ಎರಡು ದೊಡ್ಡ ದೇಶಗಳ ಮಧ್ಯೆ ಒತ್ತರಿಸಿಕೊಂಡು ಕೂತಿರೋ ಸಣ್ಣ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ಕಡಿಮೆ, ಜನಸಂಖ್ಯೆ ಸುಮಾರು 1.2 ಕೋಟಿ. ಎದುರಿಗೆ ಮೆಡಿಟರೇನಿಯನ್ ಸಮುದ್ರ, ಆಚೆ ದಡದಲ್ಲಿ ಇಟಲಿ. ಟುನೀಷಿಯಾದ ಈಶಾನ್ಯ ತುದಿಯಿಂದ ಸಿಸಿಲಿ ದ್ವೀಪಕ್ಕೆ ಇರೋ ದೂರ ಹೆಚ್ಚೂಕಡಿಮೆ ಬೆಂಗಳೂರಿಂದ ಮೈಸೂರಿನಷ್ಟು. ಈ ದೂರ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಯಾಕೆ ಹೋದೆ ಅಂದ್ರೆ, ಆಗ ನಾನಿನ್ನೂ ಸ್ಟೂಡೆಂಟ್. 2023ರ ಆಗಸ್ಟಿನಲ್ಲಿ ಒಂದು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮ ಇತ್ತು. ಐದು ವಾರ, ರಾಜಧಾನಿ ಟುನಿಸ್‌ನಲ್ಲಿ, ಒಂದು ಕುಟುಂಬದ ಮನೆಯಲ್ಲಿ ವಾಸ. ಅಮ್ಮ, ಮಗ, ಮಗಳು ಇದ್ದ ಮನೆ. ಹೆಸರು ಹೇಳಲ್ಲ, ಯಾಕೆ ಅನ್ನೋದು ಕೇಳ್ತಾ ಹೋದಂತೆ ಗೊತ್ತಾಗುತ್ತೆ.

ಏರ್‌ಪೋರ್ಟಿಂದ ಮನೆಗೆ ಹೋಗೋಕೆ ಟ್ಯಾಕ್ಸಿ ಕೇಳಿದೆ. ಡ್ರೈವರ್ ಫೋನಲ್ಲಿ ಟೈಪ್ ಮಾಡಿ ತೋರಿಸಿದ: 10000. ಎದೆ ಧಸಕ್ ಅಂತು. ಅಲ್ಲಿನ ಲೆಕ್ಕ ಹೀಗೆ: ಒಂದು ದಿನಾರ್ ಅಂದ್ರೆ ನೂರು ಪೈಸೆ ಥರ ಅಲ್ಲ, ಸಾವಿರ ಮಿಲ್ಲೀಮ್. ಅಂಗಡಿಯ ಬಿಲ್ಲಲ್ಲಿ ಪಾಯಿಂಟ್ ಆದಮೇಲೆ ಮೂರು ಅಂಕೆ ಇರುತ್ತೆ. ಮಾತಾಡುವಾಗ ಜನ ಮಿಲ್ಲೀಮಲ್ಲೇ ಹೇಳ್ತಾರೆ. ಹತ್ತು ಸಾವಿರ ಅಂದ್ರೆ ಬರೀ ಹತ್ತು ದಿನಾರ್. ಆಗಿನ ರೇಟಲ್ಲಿ ದಿನಾರ್‌ಗೆ ಸುಮಾರು 27 ರೂಪಾಯಿ, ಅಂದ್ರೆ 270 ರೂಪಾಯಿ. ಇನ್ನೊಂದು ವಿಷಯ. ದಿನಾರನ್ನ ದೇಶದ ಒಳಗೆ ತರೋ ಹಾಗೂ ಇಲ್ಲ, ಹೊರಗೆ ಒಯ್ಯೋ ಹಾಗೂ ಇಲ್ಲ. ಬೆಂಗಳೂರಲ್ಲಿ ಮೊದಲೇ ಕೊಂಡು ಹೋಗೋ ಮಾತೇ ಇಲ್ಲ. ಅಲ್ಲಿಗೆ ಹೋಗಿ ಬದಲಾಯಿಸಬೇಕು, ಬರುವಾಗ ಉಳಿದದ್ದನ್ನ ಅಲ್ಲೇ ಬಿಡಬೇಕು. ಕಾಮರ್ಸ್ ಓದಿದವರಿಗೆ ಇದು ಪುಸ್ತಕದಲ್ಲಿ ಒಂದು ಸಾಲು. ಅಲ್ಲಿ ಹುಟ್ಟಿದವರಿಗೆ ಅದು ಬದುಕಿನ ಗೋಡೆ. ಆ ಕಥೆಗೆ ಬರ್ತೀನಿ.

ಮೊದಲ ವಾರ ಕಣ್ಣಿಗೆ ಬಿದ್ದದ್ದು ಮಲ್ಲಿಗೆ. ನಮ್ಮಲ್ಲಿ ಮಲ್ಲಿಗೆ ಅಂದ್ರೆ ಹೆಣ್ಮಕ್ಕಳ ಜಡೆ. ಅಲ್ಲಿ ಸಂಜೆ ಆಯ್ತು ಅಂದ್ರೆ ಗಂಡಸರು ಕಿವಿ ಮೇಲೆ ಮಲ್ಲಿಗೆ ಸಿಕ್ಕಿಸಿಕೊಂಡು ಓಡಾಡ್ತಾರೆ. ಮೊಗ್ಗುಗಳನ್ನ ಒಣಹುಲ್ಲಿನ ಕಡ್ಡಿಗಳಿಗೆ ಸೇರಿಸಿ, ದಾರ ಸುತ್ತಿ ಮಾಡಿದ ಪುಟ್ಟ ಗುಚ್ಛ ಅದು, ಹೆಸರು ‘ಮಶ್ಮೂಮ್’. ದಪ್ಪ ಮೀಸೆಯ ಮೆಕ್ಯಾನಿಕ್ ಕೂಡ ಕಿವಿಗೆ ಹೂ ಇಟ್ಕೊಂಡು ಕಾಫಿ ಕುಡೀತಾ ಕೂತಿರ್ತಾನೆ. ನೋಡೋಕೆ ಎಷ್ಟು ಚೆಂದ ಗೊತ್ತಾ.

ಎರಡನೇದು, ಬೀದಿಯಲ್ಲಿ ಗಾಡಿಯವರು ‘ಹಿಂದಿ, ಹಿಂದಿ’ ಅಂತ ಕೂಗ್ತಾ ಇದ್ರು. ನನ್ನನ್ನೇ ಕರೀತಿದ್ದಾರೆ ಅನ್ನಿಸಿ ತಿರುಗಿ ನೋಡಿದ್ರೆ, ಗಾಡಿ ತುಂಬಾ ಪಾಪಾಸುಕಳ್ಳಿ ಹಣ್ಣು! ಅಲ್ಲಿ ಭಾರತೀಯರಿಗೂ ‘ಹಿಂದಿ’ ಅಂತಾರೆ, ಆ ಹಣ್ಣಿಗೂ ‘ಹಿಂದಿ’ ಅಂತಾರೆ. ಹಣ್ಣಿನ ಮೂಲ ಅಮೆರಿಕ ಖಂಡ. ಕೊಲಂಬಸ್ ಕಾಲದವರು ಅಮೆರಿಕವನ್ನೇ ‘ಇಂಡೀಸ್’ ಅಂದ್ಕೊಂಡಿದ್ರಲ್ಲ, ಆ ಹೆಸರು ಹಣ್ಣಿಗೆ ಅಂಟಿಕೊಂಡು ಉಳಿದಿದೆ.

ಭಾಷೆ ಅರಬ್ಬಿ, ಆದ್ರೆ ಟಿವಿ ನ್ಯೂಸಿನ ಅರಬ್ಬಿ ಬೇರೆ, ಬೀದಿಯದು ಬೇರೆ. ಬೀದಿಯದನ್ನ ‘ದಾರ್ಜಾ’ ಅಂತಾರೆ, ಅದರಲ್ಲಿ ಫ್ರೆಂಚು, ಇಟಾಲಿಯನ್ನು ಎಲ್ಲಾ ಕಲಸಿದೆ. ನಾವು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತೀವಲ್ಲ, ಹಾಗೆ. ನಾನು ಬೇಗ ಕಲಿತ ಪದಗಳು ಎರಡು: ‘ಬರ್ಶಾ’ ಅಂದ್ರೆ ತುಂಬಾ, ‘ಯೆಝ್ಝಿ’ ಅಂದ್ರೆ ಸಾಕು. ಆ ಅಮ್ಮ ತಟ್ಟೆಗೆ ಬಡಿಸ್ತಾನೇ ಇರೋರು, ಎರಡನೇ ಪದ ಇಲ್ಲದಿದ್ರೆ ಉಳಿಗಾಲ ಇರಲಿಲ್ಲ. ನಾನು ಮಾಂಸ ತಿನ್ನಲ್ಲ ಅಂದಾಗ ‘ಸರಿ ಸರಿ’ ಅಂತ ತಲೆ ಆಡಿಸಿ ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ಕೊಟ್ರು. ಅಲ್ಲಿ ಟ್ಯೂನಾ ಹೆಚ್ಚೂಕಡಿಮೆ ತರಕಾರಿ ಲೆಕ್ಕ!

ಪ್ರವಾಸಿ ಜಾಗಗಳನ್ನ ಬೇಗ ಮುಗಿಸ್ತೀನಿ, ವಿಡಿಯೋಗಳು ಬೇಕಾದಷ್ಟಿವೆ. ಟುನಿಸ್‌ನಿಂದ ಸಮುದ್ರದ ಪಕ್ಕದಲ್ಲೇ ಹೋಗೋ ಲೋಕಲ್ ಟ್ರೇನಲ್ಲಿ ‘ಕಾರ್ಥೇಜ್ ಹ್ಯಾನಿಬಲ್’ ಅನ್ನೋ ಸ್ಟೇಷನ್ ಇದೆ. ರೋಮಿನ ಮೇಲೆ ಆನೆ ನುಗ್ಗಿಸಿದ ಆ ಹ್ಯಾನಿಬಲ್ಲೇ. ಇಳಿದು ನಡೆದ್ರೆ ಎರಡು ಸಾವಿರ ವರ್ಷ ಹಳೆಯ ಕಂಬಗಳು. ದಕ್ಷಿಣಕ್ಕೆ ಹೋದ್ರೆ ಎಲ್ ಜೆಮ್‌ನಲ್ಲಿ ರೋಮನ್ನರು ಕಟ್ಟಿದ ದೊಡ್ಡ ಬಯಲು ರಂಗಮಂದಿರ. ಎಲ್ಲಾ ಚೆನ್ನಾಗಿದೆ, ಹೋಗಿ ನೋಡಿ.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇಕರಿ.

ಟುನೀಷಿಯಾದವರಿಗೆ ಬ್ರೆಡ್ ಅಂದ್ರೆ ನಮಗೆ ಅನ್ನ ಇದ್ದ ಹಾಗೆ. ಸಾರಿಗೂ ಬ್ರೆಡ್, ಮೊಟ್ಟೆಗೂ ಬ್ರೆಡ್, ಪಾಸ್ತಾ ಜೊತೆಗೂ ಬ್ರೆಡ್. ತುಂಡು ಕೆಳಗೆ ಬಿದ್ರೆ ಆ ಅಮ್ಮ ಎತ್ತಿ ಮುತ್ತಿಟ್ಟು ಕಟ್ಟೆ ಮೇಲೆ ಇಡೋರು. ಉಳಿದು ಒಣಗಿದ ಬ್ರೆಡ್ಡನ್ನ ಕಸದ ಜೊತೆ ಹಾಕಲ್ಲ, ಬೇರೆ ಚೀಲದಲ್ಲಿ ಕಟ್ಟಿ ಹೊರಗೆ ನೇತು ಹಾಕ್ತಾರೆ, ಪ್ರಾಣಿಗಳಿಗೆ ಅಂತ ಒಯ್ಯೋರು ಒಯ್ತಾರೆ. ಉದ್ದನೆಯ ಬಗೆಟ್ ಒಂದಕ್ಕೆ ಸರ್ಕಾರ ನಿಗದಿ ಮಾಡಿರೋ ಬೆಲೆ 190 ಮಿಲ್ಲೀಮ್. ನಮ್ಮ ಲೆಕ್ಕದಲ್ಲಿ ಐದು ರೂಪಾಯಿ.

ಆ ಐದು ರೂಪಾಯಿ ಬ್ರೆಡ್ಡಿಗೆ ಬೆಳಿಗ್ಗೆ ಆರೂವರೆಗೆ ಬೀದಿ ತಿರುವಿನವರೆಗೂ ಕ್ಯೂ. ಮನೆಯ ಮಗನ ಜೊತೆ ನಾನೂ ಹೋಗ್ತಿದ್ದೆ. ಮುಕ್ಕಾಲು ಗಂಟೆ ನಿಂತು ಬಾಗಿಲ ಹತ್ರ ಬರೋ ಹೊತ್ತಿಗೆ ‘ಮುಗೀತು’ ಅನ್ನೋದೂ ಇತ್ತು.

ಬೆಲೆ ಕಡಿಮೆ, ಆದ್ರೆ ಸರಕು ಇಲ್ಲ. ಯಾಕೆ? ಒಂದೊಂದೇ ಬಿಡಿಸೋಣ. ಬ್ರೆಡ್ಡಿಗೆ ಬೇಕಾದ ಗೋಧಿಯಲ್ಲಿ ಹೆಚ್ಚಿನದು ಹೊರದೇಶದಿಂದ ಬರಬೇಕು. ತರಿಸೋದು ಸರ್ಕಾರದ ಸಂಸ್ಥೆ, ಡಾಲರ್ ಕೊಟ್ಟು. ಯುಕ್ರೇನ್ ಯುದ್ಧದಿಂದ ಗೋಧಿ ದುಬಾರಿ ಆಗಿತ್ತು. 2023ರಲ್ಲಿ ಬರಗಾಲ ಬಂದು ದೇಶದ ಬೆಳೆಯೂ ಕೈಕೊಟ್ಟಿತ್ತು, ರಾತ್ರಿ ನಲ್ಲಿ ನೀರೂ ಬಂದ್ ಮಾಡ್ತಿದ್ರು. ಸರ್ಕಾರದ ಹತ್ರ ವಿದೇಶಿ ಹಣ ಕಮ್ಮಿ. ಬೇಕರಿಯವರಿಗೆ ನಷ್ಟ ತುಂಬಿಕೊಡೋ ಸಬ್ಸಿಡಿ ತಿಂಗಳುಗಟ್ಟಲೆ ಬಾಕಿ. ಆಗಸ್ಟ್ ಮೊದಲ ವಾರ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ‘ಮಾಡರ್ನ್’ ಬೇಕರಿ ಅಂತ ಕರೆಸಿಕೊಳ್ಳೋ ಸಾವಿರಕ್ಕೂ ಹೆಚ್ಚು ಅಂಗಡಿಗಳಿಗೆ ಸಬ್ಸಿಡಿ ಹಿಟ್ಟು ನಿಲ್ಲಿಸಿತು. ಆ ಬೇಕರಿಯವರು ಟುನಿಸ್‌ನಲ್ಲಿ ಪ್ರತಿಭಟನೆಗೆ ಕೂತ್ರು. ಉಳಿದ ಬೇಕರಿಗಳ ಮುಂದೆ ಕ್ಯೂ ಇನ್ನೂ ಉದ್ದ ಆಯ್ತು.

ಹಾಗಾದ್ರೆ ಬೆಲೆ ಏರಿಸಿಬಿಡಬಹುದಲ್ಲ? ಐಎಂಎಫ್ ಜೊತೆ 190 ಕೋಟಿ ಡಾಲರ್ ಸಾಲದ ಮಾತುಕತೆ ನಡೆದಿತ್ತು. ಸಬ್ಸಿಡಿ ಇಳಿಸಬೇಕು ಅನ್ನೋದು ಅದರ ಜೊತೆಗಿದ್ದ ಒತ್ತಡ. ಅಧ್ಯಕ್ಷ ಕೈಸ್ ಸಯೀದ್ 2023ರ ಏಪ್ರಿಲಲ್ಲಿ ಆಗಲ್ಲ ಅಂದ್ರು. ಕಾರಣವಾಗಿ ನೆನಪಿಸಿದ್ದು 1984. ಅದರ ಹಿಂದಿನ ಡಿಸೆಂಬರ್ ಕೊನೆಯಲ್ಲಿ ಆಗಿನ ಸರ್ಕಾರ ಬ್ರೆಡ್ ಬೆಲೆಯನ್ನ 80 ಮಿಲ್ಲೀಮಿಂದ 170ಕ್ಕೆ ಏರಿಸಿತ್ತು. ದೇಶ ಹೊತ್ತಿ ಉರೀತು. ಗುಂಡೇಟಿಗೆ ಹತ್ತಾರು ಜನ ಸತ್ತರು. 1984ರ ಜನವರಿ 6ಕ್ಕೆ ಅಧ್ಯಕ್ಷ ಬುರ್ಗೀಬಾ ರೇಡಿಯೋ, ಟಿವಿಯಲ್ಲಿ ಬಂದು ಹಳೇ ಬೆಲೆಗೆ ವಾಪಸ್ ಅಂತ ಹೇಳಬೇಕಾಯ್ತು. ಆಗಿನಿಂದ ಆ ಬೆಲೆ ಮುಟ್ಟೋಕೆ ಎಲ್ಲರಿಗೂ ಭಯ. 40 ವರ್ಷದಲ್ಲಿ 80 ಇಂದ 190ಕ್ಕೆ ಬಂದಿದೆ, ಅಷ್ಟೇ.

ಅದೇ ಬೇಸಿಗೆ ನಮ್ಮಲ್ಲೂ ಇಂಥದ್ದೇ ಒಂದು ಲೆಕ್ಕ ನಡೀತಿತ್ತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಸಿಗದೆ, 2023ರ ಜುಲೈಯಿಂದ ಕೆಜಿಗೆ 34 ರೂಪಾಯಿಯಂತೆ ದುಡ್ಡು ಖಾತೆಗೆ ಬಂತು. ಕ್ಯೂನಲ್ಲಿ ನಿಂತು ಇದನ್ನ ಆ ಹುಡುಗನಿಗೆ ಹೇಳಿದೆ. ಅವನು ನಕ್ಕು, ‘ನಮ್ಮಲ್ಲಿ ದುಡ್ಡು ಕೊಟ್ರೂ ಬ್ರೆಡ್ ಎಲ್ಲಿ?’ ಅಂದ.

ಈಗ ಅವನ ಬಗ್ಗೆ. ನನಗಿಂತ ಎರಡು ವರ್ಷ ದೊಡ್ಡವನು. ಅಕೌಂಟಿಂಗ್ ಡಿಗ್ರಿ. ನಮ್ಮಿಬ್ಬರಿಗೂ ಭಾಷೆ ಸರಿಯಾಗಿ ಬರದಿದ್ರೂ ಡೆಬಿಟ್ಟು, ಕ್ರೆಡಿಟ್ಟು ಅರ್ಥ ಆಗ್ತಿತ್ತು. ಅವನ ಕೆಲಸ ಕಾಲ್ ಸೆಂಟರಲ್ಲಿ, ಅದೂ ವಾರದಲ್ಲಿ ಮೂರು ದಿನ. ಒಂದು ಫ್ರೆಂಚ್ ಹೆಸರು ಇಟ್ಕೊಂಡು ಫ್ರಾನ್ಸಿನವರ ಇಂಟರ್ನೆಟ್ ಯಾಕೆ ಬರ್ತಿಲ್ಲ ಅಂತ ಸರಿಮಾಡಿ ಕೊಡೋದು. ನಮ್ಮ ಬೆಂಗಳೂರಿನ ಹಳೇ ಕಥೆಯೇ. ಸರ್ಕಾರಿ ಲೆಕ್ಕದಲ್ಲೇ ಅಲ್ಲಿ ಡಿಗ್ರಿ ಆದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸ ಇಲ್ಲ. ವಾರದ ಮಧ್ಯೆ ಬೆಳಿಗ್ಗೆ ಹನ್ನೊಂದಕ್ಕೆ ಕೆಫೆಗಳು ಯಾಕೆ ತುಂಬಿರ್ತವೆ ಅಂತ ಮೊದಲ ವಾರ ಅನ್ನಿಸಿತ್ತು. ಉತ್ತರ ಇದು.

ಫ್ರೀಲಾನ್ಸ್ ಮಾಡಬಹುದಲ್ಲ ಅಂತ ನಾನು ಕೇಳಿದೆ. ಆ ಗೋಡೆ ಅಡ್ಡ ಬಂತು. ಪೇಪಾಲ್ ಆಗ ಅಲ್ಲಿ ನಡೀತಿರಲಿಲ್ಲ. ಆನ್‌ಲೈನಲ್ಲಿ ವಿದೇಶಿ ಹಣದಲ್ಲಿ ಏನಾದ್ರೂ ಕೊಳ್ಳೋಕೆ ವಿಶೇಷ ಕಾರ್ಡ್ ಬೇಕಿತ್ತು, ಅದಕ್ಕೆ ಸಾಮಾನ್ಯರಿಗೆ ವರ್ಷಕ್ಕೆ 1000 ದಿನಾರ್ ಮಿತಿ ಇತ್ತು. ಒಂದು ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್ ತಗೊಂಡ್ರೆ ವರ್ಷದ ಕೋಟಾ ಮುಗಿಯೋದು. ಒಂದು ಯುರೋಪಿಯನ್ ದೇಶದ ವೀಸಾಗೆ ಅವನು ಎರಡು ಸಲ ಅರ್ಜಿ ಹಾಕಿದ್ದ, ಎರಡು ಸಲವೂ ಇಲ್ಲ ಅಂದ್ರು, ಫೀಸು ಹೋಯ್ತು.

ಉಳಿಯೋದು ಸಮುದ್ರ. ಬೆಂಗಳೂರಿಂದ ಮೈಸೂರಿನಷ್ಟು ದೂರ. ಅಲ್ಲಿ ಇದಕ್ಕೊಂದು ಪದ ಇದೆ, ‘ಹರ್ಗಾ’. ಅರ್ಥ ಸುಡೋದು. ಗಡಿ, ಕಾಗದಪತ್ರ ಎಲ್ಲಾ ಸುಟ್ಟು ಹೋಗೋದು. ಅವನ ಕ್ಲಾಸ್‌ಮೇಟ್ ಒಬ್ಬ 2022ರಲ್ಲಿ ದೋಣಿ ಹತ್ತಿದ. ಆಮೇಲೆ ಅವನಿಂದ ಫೋನ್ ಬಂದಿಲ್ಲ. ಈ ಮನೆಯಲ್ಲಿ ಮಗನ ಫೋನ್ ಅರ್ಧ ಗಂಟೆ ಸ್ವಿಚ್ ಆಫ್ ಆದ್ರೆ ಅಮ್ಮ ಬಾಗಿಲ ಹತ್ರ ಬಂದು ನಿಲ್ಲೋರು. ಏನೂ ಮಾತಾಡ್ತಿರಲಿಲ್ಲ, ನಿಲ್ಲೋರು ಅಷ್ಟೇ. ಹೆಸರು ಯಾಕೆ ಹೇಳಲಿಲ್ಲ ಅಂತ ಈಗ ಗೊತ್ತಾಯ್ತಲ್ಲ.

ಆ ಸಮುದ್ರಕ್ಕೆ ಬರೋರು ಟುನೀಷಿಯಾದವರು ಮಾತ್ರ ಅಲ್ಲ. ಸಹಾರಾ ದಾಟಿ ಗಿನಿ, ಐವರಿ ಕೋಸ್ಟ್, ಸುಡಾನ್‌ನಿಂದಲೂ ಬರ್ತಾರೆ. 2023ರ ಫೆಬ್ರವರಿಯಲ್ಲಿ ಅಧ್ಯಕ್ಷರು ಇವರ ವಿರುದ್ಧ ಕಟುವಾಗಿ ಮಾತಾಡಿದ ಮೇಲೆ ಕಪ್ಪು ಬಣ್ಣದವರ ಮೇಲೆ ಹಲ್ಲೆ ಆದವು, ಬಾಡಿಗೆ ಮನೆಗಳಿಂದ ಹೊರಹಾಕಿದ್ರು. ಓದೋಕೆ ಬಂದಿದ್ದ ಆಫ್ರಿಕನ್ ವಿದ್ಯಾರ್ಥಿಗಳೂ ಹೆದರಿ ರೂಮಲ್ಲೇ ಕೂತ್ರು. ಜುಲೈ 16ಕ್ಕೆ ಯುರೋಪಿಯನ್ ಒಕ್ಕೂಟ ಟುನಿಸ್‌ಗೆ ಬಂದು ಒಪ್ಪಂದ ಮಾಡ್ಕೊಂಡಿತು. ವಲಸೆ ತಡೆಯೋಕೆ ಅಂತಲೇ 10.5 ಕೋಟಿ ಯೂರೋ. ನನ್ನ ಬಣ್ಣವೂ ಕಪ್ಪೇ. ಸಂಜೆ ಬೀದಿಯಲ್ಲಿ ಒಬ್ಬ ಗದರಿಸೋ ಥರ ‘ಎಲ್ಲಿಂದ?’ ಅಂತ ಕೇಳಿದ. ‘ಇಂಡಿಯಾ’ ಅಂದ ತಕ್ಷಣ ಮುಖ ಅರಳಿ ‘ಶಾರುಖ್ ಖಾನ್!’ ಅಂದ. ನಗ್ತಾ ಮುಂದೆ ಹೋದೆ. ಅದೇ ಬೀದಿಯಲ್ಲಿ ಕ್ಯಾಮರೂನ್ ಅಂತ ಹೇಳಬೇಕಾದವರ ಗತಿ ಏನು ಅನ್ನೋದು ರಾತ್ರಿಯೆಲ್ಲಾ ತಲೆಯಲ್ಲಿ ಕೊರೀತಿತ್ತು.

ಇದೇ ದೇಶ 2010ರ ಡಿಸೆಂಬರ್ 17ರಂದು ಜಗತ್ತನ್ನ ಅಲುಗಾಡಿಸಿತ್ತು. ಸೀದಿ ಬೂಝೀದ್ ಅನ್ನೋ ಊರಲ್ಲಿ 26 ವರ್ಷದ ಗಾಡಿ ವ್ಯಾಪಾರಿ ಮೊಹಮ್ಮದ್ ಬೂಅಝೀಝಿಯ ಸರಕನ್ನ, ತಕ್ಕಡಿಯನ್ನ ಅಧಿಕಾರಿಗಳು ಕಿತ್ಕೊಂಡ್ರು. ದೂರು ಕೇಳೋರಿಲ್ಲದೆ ಅವನು ಬೆಂಕಿ ಹಚ್ಚಿಕೊಂಡ. ನಾಲ್ಕೇ ವಾರದಲ್ಲಿ, 2011ರ ಜನವರಿ 14ಕ್ಕೆ, 23 ವರ್ಷ ಆಳಿದ್ದ ಬೆನ್ ಅಲಿ ದೇಶ ಬಿಟ್ಟು ಓಡಿಹೋದ. ವಿದೇಶಿ ಪತ್ರಿಕೆಗಳು ಅದಕ್ಕೆ ‘ಮಲ್ಲಿಗೆ ಕ್ರಾಂತಿ’ ಅಂತ ಚೆಂದದ ಹೆಸರಿಟ್ಟವು. ಅಲ್ಲಿನವರು ಹೇಳೋದು ‘ಘನತೆಯ ಕ್ರಾಂತಿ’ ಅಂತ. ಈ ಎರಡು ಹೆಸರಿನ ವ್ಯತ್ಯಾಸ ನನಗೆ ಪುಸ್ತಕದಲ್ಲಿ ಸಿಕ್ಕಿರಲಿಲ್ಲ, ಬ್ರೆಡ್ ಕ್ಯೂನಲ್ಲಿ ಸಿಕ್ತು. ಸರ್ಕಾರ ಹೊಟ್ಟೆಗೆ ಐದು ರೂಪಾಯಿ ಬ್ರೆಡ್ ಕೊಡಬಹುದು. ಓದಿದ ಹುಡುಗನಿಗೆ ಬೇಕಿರೋದು ಅದನ್ನ ಸ್ವಂತ ದುಡಿಮೆಯಲ್ಲಿ, ನಿಜವಾದ ಬೆಲೆಗೆ ಕೊಳ್ಳೋ ಶಕ್ತಿ.

ನಿಮ್ಮಲ್ಲಿ ಯಾರಾದ್ರೂ ಗೊತ್ತಿಲ್ಲದ ದೇಶಕ್ಕೆ ಹೋಗೋದಾದ್ರೆ ಒಂದು ಮಾತು. ಹೋದ ದಿನವೇ ಮೂರು ವಿಷಯ ಕೇಳಿ. ಊಟದ ಮೂಲ ಪದಾರ್ಥದ ಬೆಲೆ ಎಷ್ಟು? ಆ ಬೆಲೆ ಯಾರು ನಿರ್ಧರಿಸ್ತಾರೆ? ನಿಮ್ಮ ವಯಸ್ಸಿನವರು ಡಿಗ್ರಿ ಆದಮೇಲೆ ಏನು ಮಾಡ್ತಿದ್ದಾರೆ? ಫೋಟೋ ಆಮೇಲೂ ತೆಗೀಬಹುದು.

ಆ ಹುಡುಗ ಏನಾದ ಅಂತ ಕೇಳ್ತೀರಿ, ಗೊತ್ತು. ಟುನಿಸ್‌ನಲ್ಲೇ ಇದ್ದಾನೆ. ಜರ್ಮನ್ ಕಲೀತಿದ್ದಾನೆ, ಕಾಗದಪತ್ರದ ದಾರಿಯಲ್ಲೇ ಇನ್ನೊಂದು ಸಲ ನೋಡ್ತೀನಿ ಅಂತಾನೆ. ನಾನು ಮೆಸೇಜ್ ಮಾಡಿದ್ರೆ ಒಂದೊಂದು ಸಲ ಉತ್ತರಕ್ಕೆ ಎರಡು ದಿನ ಆಗುತ್ತೆ. ಆ ಎರಡು ದಿನ ನನಗೆ ಆ ಅಮ್ಮ ನೆನಪಾಗ್ತಾರೆ.

ಇವತ್ತಿಗೆ ಇಷ್ಟೇ. ನಿಮಗೆ ಏನನ್ನಿಸ್ತು, ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೆಲವನ್ನ ಕೇಳಿಸ್ತೀನಿ. ‘ಬಿಸ್ಲೇಮಾ’, ಅಂದ್ರೆ ಹೋಗಿ ಬನ್ನಿ. ನಮಸ್ಕಾರ.