ಹರಿದು ಹಾಕಿದ ಚೀಟಿಯ ಕಥೆ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ದಾರಿಯಲ್ಲಿ ಮಚ್ಛೆ ಸಿಗುತ್ತದೆ. ಕೈಗಾರಿಕಾ ವಸಾಹತು ಇರುವ ಊರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 'ಜ್ಞಾನ ಸಂಗಮ' ಇರುವುದೂ ಅಲ್ಲಿಯೇ. ಚಿತ್ರೀಕರಣಕ್ಕೆಂದು ಅಲ್ಲಿಗೆ ಹೋಗಿದ್ದಾಗ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. "ಸರ್, ಥಂಡಿಯೊಳಗ ಬ್ಯಾಕ್ಟೀರಿಯಾ ಮಲಗಿಬಿಡ್ತಾವ ಅಂತ ನಿಮ್ಮ ಕಾರ್ಯಕ್ರಮದಾಗ ಹೇಳಿದ್ರಿ. ಹಂಗಾದ್ರ ಫ್ರಿಜ್ಜಿನ್ಯಾಗ ಇಟ್ಟ ಸಾರು ಮೂರ್ನಾಲ್ಕು ದಿನಕ್ಕ ಯಾಕ ಕೆಡತೈತ್ರಿ?"

ಆ ವಾಕ್ಯವನ್ನು ಬರೆದವನು ನಾನೇ. ಕೇಳಲು ಚೆನ್ನಾಗಿತ್ತು, ಆದರೆ ಸರಿಯಾಗಿರಲಿಲ್ಲ. ಅದನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಇಂದಿನ ಈ ಮಾತು.

ಮೊದಲು ನಿಮ್ಮ ಪಠ್ಯಪುಸ್ತಕದ ಪಾಠವನ್ನು ನೆನಪಿಸಿಕೊಳ್ಳಿ. ಡಿಎನ್ಎಯಲ್ಲಿ ಜೀನ್ ಇದೆ. ಅದರ ನಕಲಾಗಿ ಸಂದೇಶವಾಹಕ ಆರ್ಎನ್ಎ ತಯಾರಾಗುತ್ತದೆ. ಅದನ್ನು ಓದಿ ರೈಬೋಸೋಮ್ ಪ್ರೋಟೀನನ್ನು ಕಟ್ಟುತ್ತದೆ. ಹೀಗೊಂದು ಸಂದೇಶವಾಹಕ ಇದೆಯೆಂಬುದು ಬ್ಯಾಕ್ಟೀರಿಯಾಗಳ ಮೇಲೆ ನಡೆದ ಪ್ರಯೋಗಗಳಿಂದ 1961ರಲ್ಲಿ ಖಚಿತವಾಯಿತು. ಜೀನನ್ನು ತೆರೆಯುವ, ಮುಚ್ಚುವ ಸ್ವಿಚ್ಚಿನ ಬಗ್ಗೆ ಜಾಕೋಬ್ ಮತ್ತು ಮೊನೋ ಬರೆದದ್ದೂ ಅದೇ ವರ್ಷ. ಅವರಿಗೂ ಅವರ ಹಿರಿಯ ಸಹೋದ್ಯೋಗಿ ಲ್ವೋಫ್ ಅವರಿಗೂ 1965ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಪರೀಕ್ಷೆಗೆ ನಾವು ಓದುವುದು ಬಹುಮಟ್ಟಿಗೆ ಈ ಸ್ವಿಚ್ಚಿನ ಕಥೆ. ಆದರೆ ಸ್ವಿಚ್ ಆರಿಸಿದ ಮೇಲೆ, ಆಗಲೇ ತಯಾರಾಗಿರುವ ಸಂದೇಶಗಳ ಗತಿ ಏನು?

ನನ್ನ ವೃತ್ತಿಯ ಉದಾಹರಣೆಯನ್ನೇ ಹೇಳುತ್ತೇನೆ. ಸುದ್ದಿ ಓದುತ್ತಿರುವಾಗಲೇ ಹೊಸ ಸುದ್ದಿ ಬಂದರೆ ಒಂದು ಚೀಟಿ ವಾರ್ತಾವಾಚಕರ ಮೇಜಿಗೆ ಹೋಗುತ್ತದೆ. ಹಳೆಯ ಚೀಟಿಯನ್ನು ತೆಗೆಯದೆ ಬಿಟ್ಟರೆ ಅವರು ಹಳೆಯ ಸುದ್ದಿಯನ್ನೇ ಮತ್ತೆ ಓದಿಬಿಡಬಹುದು. ಸುದ್ದಿ ಬದಲಾಗಬೇಕಾದರೆ ಹೊಸ ಚೀಟಿ ಬರೆದರಷ್ಟೇ ಸಾಲದು, ಹಳೆಯದನ್ನು ಹರಿದು ಹಾಕಲೂಬೇಕು.

ಬ್ಯಾಕ್ಟೀರಿಯಾ ಮಾಡುವುದೂ ಇದನ್ನೇ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನ ಸಂದೇಶಗಳ ಅರ್ಧಾಯುಷ್ಯ ಕೆಲವೇ ನಿಮಿಷಗಳು. ಒಂದು ಲೆಕ್ಕ ಮಾಡೋಣ. ಅರ್ಧಾಯುಷ್ಯ 5 ನಿಮಿಷ ಎಂದುಕೊಳ್ಳಿ. ಸ್ವಿಚ್ ಆರಿಸಿದಾಗ ಇದ್ದ 1000 ಪ್ರತಿಗಳು 5 ನಿಮಿಷಕ್ಕೆ 500, 10ಕ್ಕೆ 250, 15ಕ್ಕೆ 125, 20ಕ್ಕೆ ಸುಮಾರು 62 ಆಗುತ್ತವೆ. ಅರ್ಧಾಯುಷ್ಯ ಒಂದು ಗಂಟೆಯಾಗಿದ್ದರೆ? 20 ನಿಮಿಷದ ನಂತರವೂ ಸುಮಾರು 800 ಪ್ರತಿಗಳು ಉಳಿದಿರುತ್ತಿದ್ದವು. ಒಳ್ಳೆಯ ಆಹಾರ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಂಥ ಜೀವಿ ತನ್ನ ತಾಯಿಕೋಶದ ಕಾಲದ ಹಳೆಯ ಆಜ್ಞೆಗಳನ್ನು ಪಾಲಿಸುತ್ತ ಕುಳಿತರೆ ಬದುಕುವುದು ಹೇಗೆ?

ಚೀಟಿ ಹರಿಯುವ ಕೆಲಸ ಕಿಣ್ವಗಳದು. ಇ. ಕೋಲೈಯಲ್ಲಿ ಇವುಗಳ ಪೈಕಿ ಮುಖ್ಯವಾದದ್ದು ಆರ್ಎನ್ಏಸ್-ಇ. ಅದು ಸಂದೇಶವನ್ನು ನಡುವೆ ಕತ್ತರಿಸುತ್ತದೆ. ತುಂಡುಗಳನ್ನು ಬೇರೆ ಕಿಣ್ವಗಳು ಅರಗಿಸುತ್ತವೆ. ಹಾಗೆಂದು ಎಲ್ಲ ಸಂದೇಶಗಳಿಗೂ ಒಂದೇ ಆಯುಷ್ಯವಿಲ್ಲ. ಕೆಲವು ಸಂದೇಶಗಳ ಆರಂಭದ ತುದಿ ಹೆಣಿಗೆಯಂತೆ ಮಡಚಿಕೊಂಡಿರುವುದರಿಂದ ಕಿಣ್ವಕ್ಕೆ ಸುಲಭವಾಗಿ ಹಿಡಿತ ಸಿಗುವುದಿಲ್ಲ. ಕೋಶದ ಹೊರಪೊರೆಯ ಒಂದು ಪ್ರೋಟೀನಿನ ಸಂದೇಶ ಹೀಗೆ ಸುಮಾರು ಕಾಲು ಗಂಟೆಯ ಅರ್ಧಾಯುಷ್ಯ ಪಡೆಯುತ್ತದೆ.

ಬೇಕೆಂದಾಗ ಆಯ್ದು ಹರಿಯುವ ವ್ಯವಸ್ಥೆಯೂ ಉಂಟು. ಕಬ್ಬಿಣದ ಅಭಾವವಾದಾಗ ಇ. ಕೋಲೈ ಒಂದು ಪುಟ್ಟ ಆರ್ಎನ್ಎ ತಯಾರಿಸುತ್ತದೆ. ಕಬ್ಬಿಣವನ್ನು ಬಳಸುವ, ಆದರೆ ಆ ಹೊತ್ತಿಗೆ ಅಷ್ಟೇನೂ ತುರ್ತಲ್ಲದ ಪ್ರೋಟೀನುಗಳ ಸಂದೇಶಗಳಿಗೆ ಅದು ಅಂಟಿಕೊಂಡು ಅವುಗಳ ನಾಶಕ್ಕೆ ದಾರಿ ಮಾಡುತ್ತದೆ. ಬರಗಾಲದಲ್ಲಿ ಮನೆಯ ಖರ್ಚು ಬಿಗಿ ಹಿಡಿದ ಹಾಗೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಇ. ಕೋಲೈಯಲ್ಲಿ ಚಳಿಗೆಂದೇ ಒಂದು ಪ್ರೋಟೀನ್ ಇದೆ, ಹೆಸರು ಸಿಎಸ್‌ಪಿ-ಎ. ಚಳಿಯಲ್ಲಿ ಆರ್ಎನ್ಎ ಎಳೆಗಳು ಗೋಜಲಾಗುತ್ತವೆ, ಇದು ಅವುಗಳನ್ನು ಬಿಡಿಸುತ್ತದೆ. ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಜೀನ್ ಮುಚ್ಚಿಯೇ ಇರುತ್ತದೆ ಎಂದು ನೀವು ಊಹಿಸಬಹುದು. ಹಾಗಿಲ್ಲ! ಸಂದೇಶ ತಯಾರಾಗುತ್ತಲೇ ಇರುತ್ತದೆ, ಆದರೆ ಕೆಲವೇ ಸೆಕೆಂಡುಗಳಲ್ಲಿ ಹರಿದುಹೋಗುತ್ತದೆ. ಉಷ್ಣತೆ ಥಟ್ಟನೆ 15 ಡಿಗ್ರಿಗೆ ಇಳಿದರೆ ಅದೇ ಸಂದೇಶ ಬೇರೆ ರೀತಿಯಲ್ಲಿ ಮಡಚಿಕೊಂಡು ಹಲವಾರು ನಿಮಿಷ ಬಾಳುತ್ತದೆ, ಸರಾಗವಾಗಿ ಓದಿಸಿಕೊಳ್ಳುತ್ತದೆ. ಕೋಶ ಚಳಿಗೆ ಹೊಂದಿಕೊಂಡ ಮೇಲೆ ಅದರ ಆಯುಷ್ಯ ಮತ್ತೆ ಕುಗ್ಗುತ್ತದೆ.

ಇದನ್ನು ನಿದ್ದೆ ಎನ್ನಬಹುದೇ? ಕಂಬಳಿ ಹುಡುಕಿ ಹೊದ್ದುಕೊಂಡು ಕೆಲಸ ಮುಂದುವರಿಸುವವರನ್ನು ಮಲಗಿದ್ದಾರೆ ಎನ್ನುತ್ತೇವೆಯೇ? ಸರಿಯಾಗಿ ತಣ್ಣಗಿರುವ, ಅಂದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿ ಇ. ಕೋಲೈ ಬೆಳೆಯಲಾರದು ನಿಜ, ಆದರೆ ಸಾಯುವುದೂ ಇಲ್ಲ. ಲಿಸ್ಟೀರಿಯಾ ಎಂಬ ರೋಗಕಾರಕವಂತೂ ಆ ಚಳಿಯಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ, ವೃದ್ಧರಿಗೆ ಅದು ಅಪಾಯಕಾರಿ. ಇನ್ನು ಕರೆಂಟು ಹೋಗಿ ಫ್ರಿಜ್ಜಿನ ಒಳಗೆ 10–15 ಡಿಗ್ರಿ ಆಯಿತೆಂದರೆ ಇ. ಕೋಲೈಗೂ ಅಷ್ಟೇ ಸಾಕು. ಆದ್ದರಿಂದ ಮಾಡಿದ ಅಡುಗೆಯನ್ನು ಬೇಗ ತಣಿಸಿ ಒಳಗಿಡಿ, ಬೇಗ ಮುಗಿಸಿ, ತಿನ್ನುವ ಮೊದಲು ಕುದಿ ಬರುವಂತೆ ಬಿಸಿ ಮಾಡಿ.

ಸಂದೇಶದ ಆಯುಷ್ಯದ ಪ್ರಶ್ನೆ ಅಡುಗೆಮನೆಯಲ್ಲೇ ನಿಲ್ಲುವುದಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಜಾಗವಿದೆ; ಹಿಂದೆ ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಸಂಸ್ಥೆಯಿಂದ ಬಂದ ಹೆಸರು. ಸಿಡುಬಿನ ನಿರ್ಮೂಲನವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ನಲವತ್ತು ವರ್ಷಗಳ ನಂತರ ಕೋವಿಡ್ ಬಂದಾಗ ಲಸಿಕೆಯಾಗಿ ಬಳಕೆಗೆ ಬಂದದ್ದು ಇದೇ ಸಂದೇಶವಾಹಕ ಆರ್ಎನ್ಎ. ಅದು ಬೇಗ ಹಾಳಾಗುವ ವಸ್ತು. ಅದಕ್ಕಾಗಿಯೇ ಅದನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಸುತ್ತಿಡಬೇಕಾಯಿತು. ಒಂದು ಲಸಿಕೆಯನ್ನಂತೂ ಮೊದಮೊದಲು ಶೂನ್ಯಕ್ಕಿಂತ 70 ಡಿಗ್ರಿ ಕೆಳಗೆ ಕಾಪಾಡಬೇಕಿತ್ತು. ಈ ಲಸಿಕೆಗಳಿಗೆ ಹಾದಿ ಮಾಡಿಕೊಟ್ಟ ಕಾರಿಕೋ ಮತ್ತು ವೈಸ್‌ಮನ್ ಅವರಿಗೆ 2023ರ ನೊಬೆಲ್ ಪ್ರಶಸ್ತಿ ಸಂದಿತು.

ಮಿತ್ರರೇ, ಅಳಿಸುವುದೂ ಜೀವಕೋಶದ ಒಂದು ಕೆಲಸವೇ, ಬರೆಯುವಷ್ಟೇ ಮುಖ್ಯವಾದ ಕೆಲಸ. ಮಚ್ಛೆಯ ಆ ಹುಡುಗಿಗೆ ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ; ಬಸ್ಸಿನ ಹೊತ್ತಾಗಿ ಅವಳು ಹೊರಟುಬಿಟ್ಟಳು. ಈ ಮಾತು ಅವಳನ್ನು ತಲುಪಲಿ. "ಬ್ಯಾಕ್ಟೀರಿಯಾ ಚಳಿಯಲ್ಲಿ ಮಲಗುತ್ತವೆ" ಎಂದು ನಾನು ಬರೆದ ಚೀಟಿಯನ್ನು ಇಂದು ನಾನೇ ಹರಿದು ಹಾಕಿದ್ದೇನೆ.