ಪಾಯ ತೋಡುವ ಮೊದಲು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ಮಹೋತ್ಸವದ ನೆನಪಿಗೆ ಆರು ಕೋಣೆಗಳ ಹೊಸ ಕಟ್ಟಡ ಕಟ್ಟಬೇಕೆಂದು ಸಮಿತಿ ತೀರ್ಮಾನಿಸಿದೆ. ನಕ್ಷೆ ನೋಡಿದೆ, ಚೆನ್ನಾಗಿದೆ. ಕಿಟಕಿ ಎಷ್ಟು, ದಾನಿಗಳ ಹೆಸರಿನ ಕಲ್ಲು ಎಲ್ಲಿ ಎಂಬುದೆಲ್ಲ ಅದರಲ್ಲಿದೆ. ಕೆಳಗಿನ ಮಣ್ಣು ಎಂಥದು ಎಂಬುದು ಮಾತ್ರ ಇಲ್ಲ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಆದರೂ ಓದಿದ್ದು ಸಿವಿಲ್ ಬಿ.ಇ. ಆ ಪದವಿ ಊರಿಗೆ ಉಪಯೋಗವಾಗುವುದಿದ್ದರೆ ಇವತ್ತೇ ಆಗಬೇಕು.

ನಮ್ಮದು ಎರೆಭೂಮಿ. ಅದರ ಗುಣವನ್ನು ಇಲ್ಲಿ ಕುಳಿತ ರೈತರಿಗೆ ನಾನು ಹೇಳಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಬಿಳಿಜೋಳಕ್ಕೆ, ಕಡಲೆಗೆ ಈ ಮಣ್ಣು ಬಂಗಾರ, ಗೋಡೆಗೆ ಅಲ್ಲ. ಹತ್ತನೆಯ ತರಗತಿಯ ಗೋಡೆಯ ಬಿರುಕನ್ನು ಇಲ್ಲಿ ಓದಿದವರೆಲ್ಲ ನೋಡಿದ್ದೀರಿ. ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ವರ್ಷವರ್ಷವೂ ಸಿಮೆಂಟ್ ಮೆತ್ತಿದ್ದಾಯಿತು. ಅಲ್ಲಾಡುತ್ತಿರುವುದು ನೆಲ, ಮೆತ್ತುತ್ತಿರುವುದು ಗೋಡೆಗೆ!

ನೆಲವನ್ನು ವಿಚಾರಿಸಲು ಮೊದಲಿಗೆ ಯಂತ್ರ ಬೇಡ. ಆ ಜಾಗದಲ್ಲಿ ಹಿಂದೆ ಏನಿತ್ತೆಂದು ಅಜ್ಜಂದಿರನ್ನು ಕೇಳಬೇಕು. ಹಳೆಯ ಹಗೇವು, ಮುಚ್ಚಿದ ಬಾವಿ, ತುಂಬಿಸಿದ ತಗ್ಗು ಇದ್ದರೆ ಮೇಲಿನಿಂದ ಕಾಣುವುದಿಲ್ಲ. ಸುತ್ತಲಿನ ಮನೆಗಳಿಗೆ ಎಷ್ಟು ಆಳದಲ್ಲಿ ಗರಸು ಸಿಕ್ಕಿತೆಂದು ಗೌಂಡಿಗಳಿಗೆ ಗೊತ್ತಿರುತ್ತದೆ.

ಆಮೇಲೆ ಕೊರೆಯುವುದು. ಐ.ಎಸ್. 1892 ಎಂಬ ಭಾರತೀಯ ಮಾನಕದ ಪ್ರಕಾರ ಸುಮಾರು ಒಂದು ಎಕರೆ ಜಾಗಕ್ಕೆ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು ರಂಧ್ರ ಅಥವಾ ಪರೀಕ್ಷಾ ಗುಂಡಿ ಬೇಕು. ಚಿಕ್ಕ ಕಟ್ಟಡಕ್ಕೆ ನಡುವಿನದೊಂದೇ ಸಾಕಾಗಬಹುದು. ರಂಧ್ರದ ತಳಕ್ಕೆ ಇಳಿಸಿದ ಕೊಳವೆಯನ್ನು 63.5 ಕಿಲೋ ತೂಕದ ಸುತ್ತಿಗೆಯಿಂದ ಬಡಿಯುತ್ತಾರೆ. ಸುತ್ತಿಗೆ ಪ್ರತಿ ಸಲ 75 ಸೆಂ.ಮೀ. ಎತ್ತರದಿಂದ ಬೀಳಬೇಕು. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬಿತ್ತು ಎಂಬುದನ್ನು ಎಣಿಸುತ್ತಾರೆ. ಬೋರ್‌ವೆಲ್ ಲಾರಿಯವರು ‘ನಾವೇ ನೋಡಿ ಹೇಳ್ತೇವ್ರಿ’ ಎಂದರೆ ಒಪ್ಪಬೇಡಿ. ಅವರ ಯಂತ್ರ ಎಲ್ಲ ಪದರಗಳನ್ನೂ ಪುಡಿ ಮಾಡಿ ಮೇಲಕ್ಕೆ ಊದುತ್ತದೆ.

ನೀರಿನ ಮಟ್ಟವೂ ಅಷ್ಟೇ ಮುಖ್ಯ. ಎರೆಮಣ್ಣಿನಲ್ಲಿ ನೀರು ಜಿನುಗುವುದು ನಿಧಾನ, ಹಾಗಾಗಿ ಕೊರೆದ ಮೇಲೆ ಒಂದು ದಿನವಾದರೂ ಬಿಟ್ಟು ಅಳೆಯಬೇಕು, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಹೊಸ ಕಟ್ಟಡ ಬರುವುದು ಮೈದಾನದ ಪೂರ್ವದ ಮೂಲೆಗೆ. ಶ್ರಾವಣದಲ್ಲಿ ಅಲ್ಲಿ ನೀರು ನಿಲ್ಲುವುದನ್ನು ಕಬಡ್ಡಿ ಆಡಿದವರು ಬಲ್ಲರು. ಆ ನೀರನ್ನು ಪ್ರಯೋಗಾಲಯಕ್ಕೂ ಕಳಿಸಬೇಕು. ಸಲ್ಫೇಟ್ ಹೆಚ್ಚಿದ್ದರೆ ಕಾಂಕ್ರೀಟನ್ನು ತಿನ್ನುತ್ತದೆ, ಕ್ಲೋರೈಡ್ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ.

ಒಂದು ಪರೀಕ್ಷೆಯನ್ನು ಒಂಬತ್ತನೆಯ ತರಗತಿಯ ಮಕ್ಕಳೇ ಮಾಡಬಹುದು. ಒಣಗಿಸಿ ಸಣ್ಣಗೆ ಜರಡಿ ಹಿಡಿದ ಮಣ್ಣನ್ನು ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ. ಇದ್ದು ನೀರಿನಲ್ಲಿ 16 ಆದರೆ ಉಬ್ಬು ಶೇ. 60. ಶೇ. 50 ದಾಟಿದರೆ ಎಚ್ಚರ ಬೇಕು. (ಈಗ ಸೀಮೆಎಣ್ಣೆ ಹುಡುಕುವುದೇ ದೊಡ್ಡ ಪ್ರಯೋಗ.)

ಮಣ್ಣು ಕೆಟ್ಟದ್ದೆಂದು ವರದಿ ಬಂದರೂ ಕಟ್ಟಡ ನಿಲ್ಲಬೇಕಾಗಿಲ್ಲ. ಎರೆಮಣ್ಣು ತೆಳುವಾಗಿದ್ದರೆ ತೆಗೆದು ಗರಸಿನ ಮೇಲೆ ಪಾಯ ಹಾಕಬಹುದು. ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಢಿಗೆ ತಂದ, ತಳದಲ್ಲಿ ಗಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳಿವೆ. ಮಳೆ ಬಿಸಿಲಿನ ಆಟ ತಲುಪದ ಆಳದಲ್ಲಿ ಅವು ಹಿಡಿದುಕೊಳ್ಳುತ್ತವೆ. ಯಾವುದು ಬೇಕೆಂಬುದನ್ನು ಮಣ್ಣಿನ ತಜ್ಞರು ಹೇಳಬೇಕು. ನಾನಾಗಲಿ, ಗುತ್ತಿಗೆದಾರರಾಗಲಿ ಅಲ್ಲ.

ಭೂಮಿಪೂಜೆಯ ಮುಹೂರ್ತ ಬದಲಿಸಬೇಕೆಂದು ನಾನು ಕೇಳುತ್ತಿಲ್ಲ. ಪೂಜೆಯಾಗಲಿ, ಪಾಯ ವರದಿ ಬಂದ ಮೇಲೆ ತೋಡಲಿ. ನಮ್ಮ ಬ್ಯಾಚಿನವರು ಕೊಟ್ಟ ಹಣದಲ್ಲಿ ಮೊದಲು ಈ ಪರೀಕ್ಷೆಯ ಖರ್ಚು ಕಳೆಯಿರಿ, ಗೆಳೆಯರೆಲ್ಲ ಒಪ್ಪಿದ್ದಾರೆ. ಅದಕ್ಕೆ ಕಲ್ಲಿನ ಮೇಲೆ ಹೆಸರು ಬೇಡ. ವರದಿಯ ಒಂದು ಪ್ರತಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಲಿ. ಮುಂದೆ ಮಹಡಿ ಏರಿಸಲು ಬರುವ ಇಂಜಿನಿಯರ್ ಮೊದಲು ಅದನ್ನೇ ಕೇಳುತ್ತಾರೆ.