ತಂತ್ರಾಂಶ ಭಂಡಾರಗಳ ಆದ್ಯತೆ



ಲಿನಕ್ಸ್‌ನಲ್ಲಿ ಭಾರತೀಯ ಲಿಪಿಗಳನ್ನು ಅಳವಡಿಸಲು ಶ್ರಮಿಸಿದ ಸಂಸ್ಥೆಗಳಲ್ಲಿ ಮುಂಬಯಿಯ ಜುಹುವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವೂ ಒಂದು. 2003ರಲ್ಲಿ ಅದು ಸಿ-ಡ್ಯಾಕ್‌ನೊಡನೆ ವಿಲೀನಗೊಂಡಿತು. 2007ರಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರಿತ ‘ಬಾಸ್’ ಲಿನಕ್ಸನ್ನು ಹೊರತಂದಿತು. ಇಂತಹ ವ್ಯವಸ್ಥೆಗಳಿಗೆ ಬೇಕಾದ ತಂತ್ರಾಂಶವನ್ನು ಜಾಲದಲ್ಲಿರುವ ಭಂಡಾರಗಳಿಂದ ತರಿಸಿಕೊಡುವುದು ‘ಆಪ್ಟ್’ ಎಂಬ ಸಾಧನ.

ಭಂಡಾರಗಳು ಹಲವಾದಾಗಲೇ ತೊಡಕು. ಅಂಧೇರಿಯ ಕಚೇರಿಯೊಂದು ಮುದ್ರಣಯಂತ್ರದ ತಂತ್ರಾಂಶಕ್ಕಾಗಿ ಹೊರಗಿನ ಭಂಡಾರವೊಂದನ್ನು ಸೇರಿಸಿತೆನ್ನೋಣ. ಸಾಮಾನ್ಯವಾಗಿ ಆಪ್ಟ್ ಎರಡಕ್ಕೂ 500ರ ಸಮಾನ ಆದ್ಯತೆಯನ್ನೇ ನೀಡಿ, ಆವೃತ್ತಿ ಸಂಖ್ಯೆ ಹೆಚ್ಚಿರುವುದನ್ನು ಆರಿಸುತ್ತದೆ. ಹೀಗಾಗಿ ವ್ಯವಸ್ಥೆಯ ಮುಖ್ಯ ಅಂಗವೊಂದು ನಿತ್ಯದ ಪರಿಷ್ಕರಣೆಯ ನಡುವೆ ಯಾರ ಗಮನಕ್ಕೂ ಬಾರದೆ ಬದಲಾಗಬಹುದು. ಮುಂದೆ ಅದೇ ಅಂಗಕ್ಕೆ ಅಧಿಕೃತ ಭದ್ರತಾ ಪರಿಷ್ಕರಣೆ ಹೊರಟರೂ, ಸಂಖ್ಯೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಅದು ಆ ಗಣಕಯಂತ್ರವನ್ನು ತಲುಪದು. ಸಹಿಯ ಕೀಲಿಯೇ ರಕ್ಷಣೆಯೆಂಬ ನಂಬಿಕೆ ಅಷ್ಟು ಸರಿಯಲ್ಲ. ತಂತ್ರಾಂಶ ಯಾರಿಂದ ಬಂದಿತೆಂಬುದನ್ನು ಮಾತ್ರ ಅದು ದೃಢಪಡಿಸುತ್ತದೆ.

ಆದ್ದರಿಂದ ಪ್ರತಿ ಭಂಡಾರದ ವಿವರವನ್ನು ಪ್ರತ್ಯೇಕ ಕಡತದಲ್ಲಿಟ್ಟು, ಅದರ ಕೀಲಿಯನ್ನು ಅದಕ್ಕಷ್ಟೇ ಸೀಮಿತಗೊಳಿಸುವುದು ಒಳಿತು. ಹೊರಗಿನ ಭಂಡಾರದ ಆದ್ಯತೆಯನ್ನು 100ಕ್ಕೆ ಇಳಿಸಿದರೆ, ಅಧಿಕೃತ ಭಂಡಾರದಲ್ಲಿ ಇಲ್ಲದಿರುವುದು ಮಾತ್ರ ಅಲ್ಲಿಂದ ಬರುತ್ತದೆ. ಯಾವುದು ಎಲ್ಲಿಂದ ಬರಲಿದೆ ಎಂಬುದನ್ನು ‘ಆಪ್ಟ್-ಕ್ಯಾಶ್ ಪಾಲಿಸಿ’ ಎಂಬ ಆದೇಶವು ಮೊದಲೇ ತಿಳಿಸುತ್ತದೆ.